ಎತ್ತರವನ್ನು ಅಳೆದು ನಡೆಯುವ ಪ್ರವಾಸ: ಆಂಡೀಸ್ ಪರ್ವತಗಳೂ ಇಂಕಾ ನೆಲೆಗಳೂ

ದಕ್ಷಿಣ ಅಮೆರಿಕದ ಭೂಪಟವನ್ನು ಮುಂದೆ ಹರಡಿಕೊಂಡು ನೋಡಿದರೆ, ಆ ಖಂಡದ ಪಶ್ಚಿಮದ ಅಂಚಿನುದ್ದಕ್ಕೂ ಕಂದು ಬಣ್ಣದ ಪಟ್ಟಿಯೊಂದು ಉತ್ತರದಿಂದ ದಕ್ಷಿಣಕ್ಕೆ ಹಬ್ಬಿರುವುದು ಕಾಣುತ್ತದೆ. ಅದೇ ಆಂಡೀಸ್ ಪರ್ವತಶ್ರೇಣಿ. ಅದರ ಉದ್ದ ಸುಮಾರು 7,000 ಕಿಲೋಮೀಟರು. ನೆಲದ ಮೇಲೆ ಇಷ್ಟು ಉದ್ದವಾದ ಪರ್ವತಶ್ರೇಣಿ ಬೇರೊಂದಿಲ್ಲ. ಶಾಂತಸಾಗರದ ತಳದಲ್ಲಿರುವ ನಾಸ್ಕಾ ಎಂಬ ಭೂಫಲಕವು ದಕ್ಷಿಣ ಅಮೆರಿಕದ ಭೂಫಲಕದ ಅಡಿಗೆ ನುಸುಳುತ್ತಿರುವುದರಿಂದ, ಖಂಡದ ಅಂಚು ಒತ್ತಡಕ್ಕೆ ಸಿಕ್ಕಿ ಮಡಿಚಿ ಮೇಲೆದ್ದು ಈ ಪರ್ವತಗಳಾದವು. ಇಂಕಾ ಜನರು 15ನೆಯ ಶತಮಾನದಲ್ಲಿ ಇವುಗಳ ನಡುವೆಯೇ ತಮ್ಮ ಸಾಮ್ರಾಜ್ಯವನ್ನು ಕಟ್ಟಿದರು. ತಮ್ಮ ನಾಡನ್ನು ಅವರು ‘ತಾವಾಂತಿನ್‌ಸುಯು’ ಎಂದು ಕರೆದರು. ನಾಲ್ಕು ಭಾಗಗಳು ಕೂಡಿದ ನಾಡು ಎಂದು ಅದರ ಅರ್ಥ. ಅವರಿಗೆ ಕಬ್ಬಿಣ ತಿಳಿದಿರಲಿಲ್ಲ. ಗಾಲಿಯ ಬಂಡಿ ಇರಲಿಲ್ಲ. ನಾವು ಬರೆಯುವಂಥ ಅಕ್ಷರಲಿಪಿಯೂ ಇರಲಿಲ್ಲ. ಆದರೂ 1532ರಲ್ಲಿ ಸ್ಪೇನಿನವರು ಅರಸ ಅತಾವಲ್ಪನನ್ನು ಸೆರೆಹಿಡಿಯುವ ವೇಳೆಗೆ ಇಂದಿನ ಕೊಲಂಬಿಯಾದ ದಕ್ಷಿಣದಿಂದ ಚಿಲಿಯ ನಡುಭಾಗದವರೆಗೆ ಅವರ ಆಳ್ವಿಕೆ ಹರಡಿತ್ತು.

ಈ ನಾಡನ್ನು ನೋಡಬೇಕೆಂದು ಹೊರಡುವವನು ಸಾಮಾನ್ಯವಾಗಿ ಭೂಪಟದ ಮೇಲೆ ಊರಿನಿಂದ ಊರಿಗೆ ಗೆರೆ ಎಳೆದು, ದೂರವನ್ನೂ ಸಮಯವನ್ನೂ ಲೆಕ್ಕ ಹಾಕುತ್ತಾನೆ. ಆಂಡೀಸ್ ಪ್ರದೇಶದಲ್ಲಿ ಇಷ್ಟು ಲೆಕ್ಕ ಸಾಲದು. ಕಡಲತೀರದ ಲಿಮಾ ನಗರದಿಂದ ಇಂಕಾ ರಾಜಧಾನಿಯಾಗಿದ್ದ ಕುಸ್ಕೋ ನಗರಕ್ಕೆ ವಿಮಾನದಲ್ಲಿ ಸುಮಾರು ಒಂದೂಕಾಲು ಗಂಟೆಯ ಪ್ರಯಾಣ. ಅಷ್ಟರಲ್ಲಿ ಪ್ರವಾಸಿಯು ಸಮುದ್ರಮಟ್ಟವನ್ನು ಬಿಟ್ಟು 3,400 ಮೀಟರು ಮೇಲೇರಿರುತ್ತಾನೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರು ಎಂಬುದನ್ನು ನೆನೆದರೆ ಇದರ ಪ್ರಮಾಣ ತಿಳಿಯುತ್ತದೆ. ನಮ್ಮ ದೇಶದ ಲೇಹ್ ಪಟ್ಟಣವು ಹೆಚ್ಚು ಕಡಮೆ ಇದೇ ಎತ್ತರದಲ್ಲಿದೆ.

ಇನ್ನೊಂದು ಸಂಗತಿಯೂ ಗಮನಾರ್ಹ. ಬೆಂಗಳೂರು ಸಮಭಾಜಕ ವೃತ್ತದ ಉತ್ತರಕ್ಕೆ 13 ಡಿಗ್ರಿಯ ಅಕ್ಷಾಂಶದಲ್ಲಿದೆ. ಕುಸ್ಕೋ ಅದರ ದಕ್ಷಿಣಕ್ಕೆ ಹದಿಮೂರೂವರೆ ಡಿಗ್ರಿಯಲ್ಲಿದೆ. ಅಕ್ಷಾಂಶವೊಂದೇ ಹವೆಯನ್ನು ನಿರ್ಧರಿಸುವುದಾಗಿದ್ದರೆ ಎರಡೂ ಊರುಗಳ ಹವೆ ಒಂದೇ ಬಗೆಯದಾಗಿರಬೇಕಿತ್ತು. ಆದರೆ ಜೂನ್, ಜುಲೈ ತಿಂಗಳ ಕುಸ್ಕೋದ ರಾತ್ರಿಗಳಲ್ಲಿ ಉಷ್ಣತೆ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯುತ್ತದೆ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಎತ್ತರ. ಆದುದರಿಂದ ಆಂಡೀಸ್ ಪ್ರವಾಸವನ್ನು ಎತ್ತರದ ಲೆಕ್ಕದಿಂದಲೇ ಆರಂಭಿಸಬೇಕು. ಈ ಲೆಕ್ಕವು ಪ್ರವಾಸಿಯ ಪ್ರಾಣವನ್ನು ಕಾಪಾಡುತ್ತದೆ. ಇಂಕಾ ಜನರ ಬಾಳು ಹೇಗಿತ್ತೆಂಬುದನ್ನು ಅರಿಯುವ ಬೀಗದ ಕೈಯೂ ಅದೇ ಆಗಿದೆ.

ಗಾಳಿಯ ಭಾರ

ಎತ್ತರಕ್ಕೆ ಏರಿದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಮೆಯಾಗುತ್ತದೆಂದು ಅನೇಕರು ಭಾವಿಸಿದ್ದಾರೆ. ಇದು ಸರಿಯಲ್ಲ. ಲಿಮಾದಲ್ಲಿಯೂ ಕುಸ್ಕೋದಲ್ಲಿಯೂ ಗಾಳಿಯ ನೂರು ಪಾಲಿನಲ್ಲಿ ಸುಮಾರು 21 ಪಾಲು ಆಮ್ಲಜನಕವೇ. ಬದಲಾಗುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ವಾಯುಮಂಡಲದ ಭಾರವು 760 ಮಿಲಿಮೀಟರು ಎತ್ತರದ ಪಾದರಸದ ಕಂಬವನ್ನು ಎತ್ತಿಹಿಡಿಯುತ್ತದೆ. ಬೆಂಗಳೂರಿನಲ್ಲಿ ಈ ಕಂಬ ಸುಮಾರು 680 ಮಿಲಿಮೀಟರು; ಕುಸ್ಕೋದಲ್ಲಿ ಸುಮಾರು 500 ಮಾತ್ರ. 760ರಲ್ಲಿ ನೂರಕ್ಕೆ 21 ಎಂದರೆ 160. 500ರಲ್ಲಿ ನೂರಕ್ಕೆ 21 ಎಂದರೆ 105. ಅಂದರೆ ಆಮ್ಲಜನಕವನ್ನು ಶ್ವಾಸಕೋಶದಿಂದ ರಕ್ತಕ್ಕೆ ತಳ್ಳುವ ಒತ್ತಡವು ಕುಸ್ಕೋದಲ್ಲಿ ಮೂರನೆಯ ಎರಡು ಪಾಲಿಗೆ ಇಳಿದಿರುತ್ತದೆ. ಅದೇ ಕಾರಣದಿಂದ ಅಲ್ಲಿ ನೀರು 100 ಡಿಗ್ರಿಯ ಬದಲು ಸುಮಾರು 89 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಬೇಳೆ ಬೇಯುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ.

ಪರ್ವತಗಳ ಮೇಲೆ ಮನುಷ್ಯನಿಗೆ ಉಂಟಾಗುವ ಸಂಕಟವನ್ನು ವಿವರವಾಗಿ ಬರೆದಿಟ್ಟವರಲ್ಲಿ ಹೋಸೆ ದೆ ಅಕೋಸ್ತ ಎಂಬ ಪಾದ್ರಿಯು ಪ್ರಸಿದ್ಧನು. ಪೆರುವಿನ ಪರ್ವತಗಳನ್ನು ದಾಟುವಾಗ ಬಂದ ವಾಂತಿ ಸಂಕಟಗಳಿಗೆ ಅಲ್ಲಿನ ತೆಳುವಾದ ಗಾಳಿಯೇ ಕಾರಣವೆಂದು 1590ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಅವನು ಊಹಿಸಿದನು. ಆಮ್ಲಜನಕದ ಒತ್ತಡದ ಕೊರತೆಯೇ ಮೂಲವೆಂದು ಫ್ರಾನ್ಸಿನ ಪಾಲ್ ಬೇರ್ ಪ್ರಯೋಗಗಳಿಂದ ತೋರಿಸಿ, 1878ರಲ್ಲಿ ತನ್ನ ಮಹಾಗ್ರಂಥವನ್ನು ಪ್ರಕಟಿಸಿದನು. 1921-22ರಲ್ಲಿ ಜೋಸೆಫ್ ಬಾರ್‌ಕ್ರಾಫ್ಟ್ ನೇತೃತ್ವದ ತಂಡವು ಪೆರುವಿನ ಸೆರೊ ದೆ ಪಾಸ್ಕೊ ಎಂಬ ಗಣಿಯ ಊರಿನಲ್ಲಿ ಬೀಡುಬಿಟ್ಟು ಉಸಿರಾಟದ ಅಧ್ಯಯನ ನಡೆಸಿತು. 1962ರ ಯುದ್ಧದ ಕಾಲದಲ್ಲಿ ಹಿಮಾಲಯದ ಎತ್ತರಗಳಿಗೆ ಅವಸರವಾಗಿ ಸಾಗಿಸಲ್ಪಟ್ಟ ನಮ್ಮ ಸೈನಿಕರಲ್ಲಿ ಕಂಡುಬಂದ ಇದೇ ಕಾಯಿಲೆಯನ್ನು ಭಾರತದ ಸೇನಾ ವೈದ್ಯರು ಪರೀಕ್ಷಿಸಿ, 1969ರಲ್ಲಿ ಪ್ರಕಟಿಸಿದ ವರದಿಯು ಇಂದಿಗೂ ವೈದ್ಯಲೋಕದಲ್ಲಿ ಮಾನ್ಯವಾಗಿದೆ.

ದೇಹವು ಹೊಂದಿಕೊಳ್ಳುವ ಬಗೆ

ಕತ್ತಿನ ಎರಡು ಪಕ್ಕಗಳಲ್ಲಿರುವ ದೊಡ್ಡ ರಕ್ತನಾಳಗಳ ಬಳಿ ರಕ್ತದ ಆಮ್ಲಜನಕವನ್ನು ಸದಾ ಪರೀಕ್ಷಿಸುವ ಪುಟ್ಟ ಅಂಗಗಳಿವೆ. ಎತ್ತರದಲ್ಲಿ ಅವು ಮೆದುಳಿಗೆ ಎಚ್ಚರಿಕೆ ಕೊಟ್ಟೊಡನೆ ಉಸಿರಾಟ ಹೆಚ್ಚುತ್ತದೆ, ನಾಡಿ ವೇಗಗೊಳ್ಳುತ್ತದೆ. ಆದರೆ ಹೆಚ್ಚು ಉಸಿರಾಡಿದಂತೆಲ್ಲ ಇಂಗಾಲದ ಡೈ ಆಕ್ಸೈಡು ಹೆಚ್ಚಾಗಿ ಹೊರಹೋಗಿ, ರಕ್ತವು ಕ್ಷಾರೀಯವಾಗುತ್ತದೆ. ಇದರಿಂದ ಉಸಿರಾಟಕ್ಕೆ ಮತ್ತೆ ತಡೆ ಬೀಳುತ್ತದೆ. ಮೂತ್ರಪಿಂಡಗಳು ಹೆಚ್ಚಾದ ಕ್ಷಾರವನ್ನು ಹೊರಹಾಕಿ ಈ ತಡೆಯನ್ನು ಕಳೆಯಬೇಕು. ಈ ಕೆಲಸಕ್ಕೆ ಕೆಲವು ದಿನಗಳು ಬೇಕು. ರಕ್ತದಲ್ಲಿ ಕೆಂಪುಕಣಗಳು ಹೆಚ್ಚುವುದಕ್ಕಂತೂ ವಾರಗಳೇ ಬೇಕು. ಪ್ರವಾಸಿಯ ಮೊದಲ ಎರಡು ಮೂರು ದಿನಗಳ ಆಯಾಸಕ್ಕೆ ಇದೇ ಕಾರಣ.

ದೇಹಕ್ಕೆ ಈ ಬಿಡುವನ್ನು ಕೊಡದಿದ್ದರೆ, ಏರಿದ ಆರರಿಂದ ಹನ್ನೆರಡು ಗಂಟೆಗಳಲ್ಲಿ ತಲೆನೋವು, ಓಕರಿಕೆ, ತಲೆ ತಿರುಗುವುದು, ನಿದ್ರೆ ಬಾರದಿರುವುದು ಮೊದಲಾದ ಚಿಹ್ನೆಗಳು ತೋರಬಹುದು. ಬಹುಮಂದಿಯಲ್ಲಿ ಇವು ಒಂದೆರಡು ದಿನಗಳಲ್ಲಿ ಶಮನವಾಗುತ್ತವೆ. ಕೆಲವರಲ್ಲಿ ಮಾತ್ರ ಶ್ವಾಸಕೋಶದಲ್ಲಾಗಲಿ ಮೆದುಳಿನಲ್ಲಾಗಲಿ ನೀರು ಸೇರಿ ಪ್ರಾಣಾಪಾಯ ಒದಗುತ್ತದೆ. ಸುಮ್ಮನೆ ಕುಳಿತಿದ್ದರೂ ಏದುಸಿರು ಬರುವುದು, ನಡೆಯುವಾಗ ಕಾಲು ತಡವರಿಸುವುದು, ಮಾತು ಅಸಂಬದ್ಧವಾಗುವುದು ಇವು ಅದರ ಸೂಚನೆಗಳು. ಇವು ಕಂಡ ಕೂಡಲೆ, ಹಗಲೆನ್ನದೆ ರಾತ್ರಿಯೆನ್ನದೆ, ರೋಗಿಯನ್ನು ಕೆಳಗಿನ ಎತ್ತರಕ್ಕೆ ಇಳಿಸಿ ವೈದ್ಯರ ಬಳಿಗೆ ಒಯ್ಯಬೇಕು. ತರುಣರು ಒಂದು ಮಾತನ್ನು ವಿಶೇಷವಾಗಿ ನೆನಪಿಡಬೇಕು. ಮೈಕಟ್ಟು, ವ್ಯಾಯಾಮ, ಆಟದ ಬಹುಮಾನ ಇವು ಯಾವುವೂ ಈ ಕಾಯಿಲೆಯಿಂದ ರಕ್ಷಣೆ ಕೊಡುವುದಿಲ್ಲ. ಬಲಿಷ್ಠನೆಂಬ ಹೆಮ್ಮೆಯಿಂದ ಬೇಗನೆ ಮೇಲೇರುವವನೇ ಬಹಳ ಸಲ ಮೊದಲು ಮಲಗುತ್ತಾನೆ.

ಪರ್ವತ ವೈದ್ಯರು ಕೊಡುವ ನಿಯಮ ಸರಳವಾಗಿದೆ. 3,000 ಮೀಟರನ್ನು ದಾಟಿದ ಮೇಲೆ, ಒಂದು ರಾತ್ರಿ ಮಲಗಿದ ಎತ್ತರಕ್ಕಿಂತ ಮರುರಾತ್ರಿ ಮಲಗುವ ಎತ್ತರವು 500 ಮೀಟರಿಗಿಂತ ಹೆಚ್ಚಾಗಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಏರದೆ ನಿಲ್ಲಬೇಕು, ಚಿಹ್ನೆಗಳಿರುವಾಗ ಮೇಲೇರಲೇಬಾರದು. ಅಸಿಟಜೋಲಮೈಡ್ ಎಂಬ ಔಷಧಿಯು ಮೂತ್ರಪಿಂಡಗಳ ಕೆಲಸವನ್ನು ಚುರುಕುಗೊಳಿಸಿ ಸಹಾಯ ಮಾಡುತ್ತದೆ. ಆದರೆ ಅದನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸತಕ್ಕದ್ದಲ್ಲ.

ಪ್ರವಾಸದ ಕ್ರಮ

ಈಗ ಒಂದು ಗ್ರಾಫ್ ಕಾಗದವನ್ನು ತೆಗೆದುಕೊಳ್ಳಿ. ಅಡ್ಡಗೆರೆಯ ಮೇಲೆ ದಿನಗಳನ್ನೂ, ಲಂಬಗೆರೆಯ ಮೇಲೆ ಆಯಾ ರಾತ್ರಿ ಮಲಗುವ ಊರಿನ ಎತ್ತರವನ್ನೂ ಗುರುತಿಸಿ. ಲಿಮಾದಿಂದ ನೇರವಾಗಿ ಕುಸ್ಕೋಗೆ ಹಾರಿ ಅಲ್ಲಿಯೇ ತಂಗಿದರೆ, ಗೆರೆಯು ಸೊನ್ನೆಯಿಂದ 3,400ಕ್ಕೆ ಗೋಡೆಯಂತೆ ನಿಲ್ಲುತ್ತದೆ. ಇದಕ್ಕಿಂತ ಮೇಲಾದ ಕ್ರಮವೊಂದಿದೆ. ಕುಸ್ಕೋದ ವಿಮಾನ ನಿಲ್ದಾಣದಲ್ಲಿ ಇಳಿದೊಡನೆ ರಸ್ತೆಯ ಮೂಲಕ ಉರುಬಾಂಬ ನದಿಯ ಕಣಿವೆಗೆ ಇಳಿದುಬಿಡಬೇಕು. ಅಲ್ಲಿನ ಉರುಬಾಂಬ, ಓಯಾಂತಾಯ್‌ತಾಂಬೊ ಊರುಗಳು 2,800 ರಿಂದ 2,900 ಮೀಟರು ಎತ್ತರದಲ್ಲಿವೆ. ಮೂರು ರಾತ್ರಿ ಅಲ್ಲಿ ತಂಗಿ, ನಾಲ್ಕನೆಯ ದಿನ ಓಯಾಂತಾಯ್‌ತಾಂಬೊದಿಂದ ರೈಲಿನಲ್ಲಿ ನದಿಯ ಗುಂಟ ಇನ್ನೂ ಕೆಳಕ್ಕೆ ಸಾಗಿದರೆ ಸುಮಾರು 2,040 ಮೀಟರಿನ ಆಗ್ವಾಸ್ ಕಾಲಿಯೆಂತೆಸ್ ಊರು ಸಿಗುತ್ತದೆ. ಅದರ ಮೇಲಣ ಬೆಟ್ಟದ ತೊಡೆಯಲ್ಲಿ 2,430 ಮೀಟರಿನಲ್ಲಿ ಮಾಚು ಪಿಚು ಇದೆ. ಜಗತ್ಪ್ರಸಿದ್ಧವಾದ ಈ ನೆಲೆಯು ಕುಸ್ಕೋಗಿಂತ ಸಾವಿರ ಮೀಟರು ತಗ್ಗಿನಲ್ಲಿದೆಯೆಂಬುದು ಅನೇಕರಿಗೆ ತಿಳಿಯದು. ಅದನ್ನು ನೋಡಿ ಹಿಂದಿರುಗಿ ಕುಸ್ಕೋದಲ್ಲಿ ಮೂರು ದಿನ ನಿಂತ ಮೇಲೆ, ಇಚ್ಛೆಯಿದ್ದರೆ 3,810 ಮೀಟರಿನ ಟಿಟಿಕಾಕಾ ಸರೋವರದ ದಡಕ್ಕೆ ಹೋಗಬಹುದು. ಗೆರೆಯು ಈಗ ಗೋಡೆಯ ಬದಲು ಮೆಟ್ಟಿಲುಗಳಾಗಿ ಕಾಣುತ್ತದೆ.

ಪ್ರಾಚೀನ ಇಂಕಾ ಹಾದಿಯಲ್ಲಿ ನಡೆದೇ ಮಾಚು ಪಿಚು ತಲುಪುವವರು ನಾಲ್ಕು ದಿನಗಳಲ್ಲಿ ಸುಮಾರು 43 ಕಿಲೋಮೀಟರು ಕ್ರಮಿಸಬೇಕು. 4,215 ಮೀಟರಿನ ಕಣಿವೆಬಾಯಿಯೊಂದನ್ನು ದಾಟಬೇಕು. ಅಲ್ಲಿ ಪಾದರಸದ ಕಂಬ ಸುಮಾರು 450 ಮಿಲಿಮೀಟರಿಗೆ ಇಳಿದಿರುತ್ತದೆ. ಇಂಥವರು ಮೊದಲೇ ಕೆಲವು ದಿನ ಕಣಿವೆಯಲ್ಲಿಯೂ ಕುಸ್ಕೋದಲ್ಲಿಯೂ ಕಳೆದಿರುವುದು ಅವಶ್ಯಕ.

ಕಾಲದ ಆಯ್ಕೆಯೂ ಮುಖ್ಯ. ಸಮಭಾಜಕದ ದಕ್ಷಿಣಕ್ಕಿರುವುದರಿಂದ ಅಲ್ಲಿ ಜೂನ್ ತಿಂಗಳು ಚಳಿಗಾಲ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಳೆ ಕಡಮೆ; ಜನವರಿ, ಫೆಬ್ರವರಿಗಳಲ್ಲಿ ಮಳೆ ವಿಪರೀತ. ಇಂಕಾ ಹಾದಿಯನ್ನು ಪ್ರತಿ ಫೆಬ್ರವರಿಯಲ್ಲಿ ಮುಚ್ಚುತ್ತಾರೆ. ಪ್ರತಿ ಸಾವಿರ ಮೀಟರಿಗೆ ಸೂರ್ಯನ ಅತಿನೇರಳೆ ಕಿರಣಗಳು ನೂರಕ್ಕೆ ಹತ್ತರಷ್ಟು ಹೆಚ್ಚುವುದರಿಂದ, ಚಳಿಯಿದ್ದರೂ ಚರ್ಮ ಸುಡುತ್ತದೆ. ಅಗಲವಾದ ಅಂಚಿನ ಟೋಪಿಯೂ ಕಪ್ಪು ಕನ್ನಡಕವೂ ಬೇಕು. ಭಾರತೀಯರು ಮರೆಯಬಾರದ ಇನ್ನೊಂದು ಸಂಗತಿ: ಪೆರುವು ಹಳದಿ ಜ್ವರವಿರುವ ದೇಶಗಳ ಪಟ್ಟಿಯಲ್ಲಿದೆ. ಲಸಿಕೆಯ ಪ್ರಮಾಣಪತ್ರವಿಲ್ಲದೆ ಆರು ದಿನಗಳೊಳಗೆ ಸ್ವದೇಶಕ್ಕೆ ಮರಳಿದವರನ್ನು ಪ್ರತ್ಯೇಕವಾಗಿ ಇರಿಸಿಕೊಳ್ಳುವ ನಿಯಮವಿದೆ. ಚುಚ್ಚಿಸಿಕೊಂಡು ಹತ್ತು ದಿನಗಳಾದ ಮೇಲಷ್ಟೆ ಈ ಪತ್ರವು ಸಿಂಧುವಾಗುತ್ತದೆ.

ಇಂಕಾ ಜನರ ಎತ್ತರದ ಲೆಕ್ಕ

ಪ್ರವಾಸಿಯು ಕಾಗದದ ಮೇಲೆ ಎಳೆದ ಈ ಮೆಟ್ಟಿಲುಗಳನ್ನು ಇಂಕಾ ಜನರು ನೆಲದ ಮೇಲೆಯೇ ಎಳೆದಿದ್ದರು. ಸಾವಿರ ಮೀಟರು ಏರಿದರೆ ಉಷ್ಣತೆಯು ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಆದುದರಿಂದ ಆಂಡೀಸಿನ ಒಂದೇ ಇಳಿಜಾರಿನಲ್ಲಿ, ನಡೆದು ಹೋಗಬಹುದಾದಷ್ಟು ಅಂತರದಲ್ಲಿ, ಹಲವು ಹವೆಗಳು ಒಂದರ ಮೇಲೊಂದಾಗಿ ಪದರ ಕಟ್ಟಿವೆ. ತಗ್ಗಿನ ಬಿಸಿ ಕಣಿವೆಗಳಲ್ಲಿ ಹಣ್ಣು ಮತ್ತು ಕೋಕ. ಅದರ ಮೇಲೆ ಮುಸುಕಿನ ಜೋಳ. ಇನ್ನೂ ಮೇಲೆ ಆಲೂಗಡ್ಡೆ ಮತ್ತು ಕಿನೋವಾ. 4,000 ಮೀಟರಿನಾಚೆ ಲಾಮಾ ಮತ್ತು ಅಲ್ಪಾಕಗಳ ಹುಲ್ಲುಗಾವಲು. ಒಂದೊಂದು ಸಮುದಾಯವೂ ಹಲವು ಪದರಗಳಲ್ಲಿ ತುಂಡು ತುಂಡಾಗಿ ನೆಲವನ್ನು ಹೊಂದಿತ್ತೆಂದೂ, ಒಂದು ಪದರದಲ್ಲಿ ಬೆಳೆ ಕೆಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತೆಂದೂ ಮಾನವಶಾಸ್ತ್ರಜ್ಞ ಜಾನ್ ಮುರ್ರಾ 1972ರಲ್ಲಿ ವಿವರಿಸಿದನು. ಒಂದು ಪ್ರಾಂತದ ಜನರನ್ನು ಇನ್ನೊಂದು ಪ್ರಾಂತದಲ್ಲಿ ನೆಲೆಗೊಳಿಸುವಾಗ, ಅವರ ಹುಟ್ಟೂರಿನ ಹವೆಯನ್ನು ಹೋಲುವ ನೆಲವನ್ನೇ ಕೊಡುತ್ತಿದ್ದರೆಂದು ಸ್ಪೇನಿನ ಚರಿತ್ರಕಾರ ಸಿಯೆಸಾ ದೆ ಲಿಯೋನ್ ಬರೆದಿದ್ದಾನೆ. ದೇಹಕ್ಕೂ ಎತ್ತರಕ್ಕೂ ಇರುವ ನಂಟನ್ನು ಅವರು ಅನುಭವದಿಂದ ಅರಿತಿದ್ದರು.

ಚಳಿಯನ್ನೂ ಅವರು ದುಡಿಸಿಕೊಂಡರು. ಜೂನ್ ತಿಂಗಳ ರಾತ್ರಿ ಆಲೂಗಡ್ಡೆಗಳನ್ನು ಬಯಲಿನಲ್ಲಿ ಹರಡಿದರೆ ಅವು ಹೆಪ್ಪುಗಟ್ಟುತ್ತವೆ. ಹಗಲಿನ ಬಿಸಿಲಿಗೆ ಕರಗಿ ಮೆತ್ತಗಾಗುತ್ತವೆ. ಆಗ ಕಾಲಿನಿಂದ ತುಳಿದು ನೀರನ್ನು ಹಿಂಡುತ್ತಾರೆ. ಕೆಲವು ದಿನ ಹೀಗೆ ಮಾಡಿ ಒಣಗಿಸಿದರೆ ‘ಚುನ್ಯೊ’ ಎಂಬ ಹಗುರವಾದ, ವರ್ಷಗಟ್ಟಲೆ ಕೆಡದ ಆಹಾರ ಸಿದ್ಧವಾಗುತ್ತದೆ. ಇಂದಿಗೂ ಅಲ್ಲಿನ ಸಂತೆಗಳಲ್ಲಿ ಇದು ಸಿಗುತ್ತದೆ. ಓಯಾಂತಾಯ್‌ತಾಂಬೊದಲ್ಲಿ ತಂಗಿದ ಪ್ರವಾಸಿಯು ಊರಿನ ಎದುರಿನ ಕಡಿದಾದ ಬೆಟ್ಟದ ಮೇಲೆ ಕಲ್ಲಿನ ಕಣಜಗಳನ್ನು ಕಾಣುತ್ತಾನೆ. ಗಾಳಿ ಸದಾ ಬೀಸುವ ತಂಪಾದ ಎತ್ತರವನ್ನು ಧಾನ್ಯ ಕೆಡದಂತೆ ಇರಿಸಲೆಂದೇ ಆರಿಸಿದ್ದರು.

ಕಲ್ಲು ಮತ್ತು ನೀರು

ಭೂಫಲಕಗಳ ಚಲನೆಯೇ ಈ ಪರ್ವತಗಳನ್ನು ಎತ್ತಿತೆಂದು ಮೊದಲೇ ಹೇಳಿದೆಯಷ್ಟೆ. ಅದೇ ಚಲನೆಯು ಭೂಕಂಪಗಳನ್ನೂ ಉಂಟುಮಾಡುತ್ತದೆ. 1950ರ ಮೇ 21ರಂದು ಕುಸ್ಕೋ ನಡುಗಿದಾಗ, ಇಂಕಾ ಸೂರ್ಯದೇಗುಲವಾದ ಕೊರಿಕಾಂಚದ ಮೇಲೆ ಸ್ಪೇನಿನವರು ಕಟ್ಟಿದ್ದ ಮಠದ ಬಹುಭಾಗ ಹಾನಿಗೀಡಾಯಿತು. ಅಡಿಯಲ್ಲಿದ್ದ ಇಂಕಾ ಗೋಡೆಗಳು ಉಳಿದವು. ಗಾರೆಯಿಲ್ಲದೆ ಒಂದಕ್ಕೊಂದು ಬಿಗಿಯಾಗಿ ಹೊಂದಿಸಿದ ಕಲ್ಲುಗಳು, ಮೇಲೇರಿದಂತೆ ಒಳಕ್ಕೆ ವಾಲುವ ಗೋಡೆಗಳು, ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿರುವ ಬಾಗಿಲುಗಳು ಈ ದೃಢತೆಗೆ ಕಾರಣ. ನಗರದ ಮೇಲಿರುವ ಸಾಕ್ಸಾಯ್‌ವಾಮಾನ್ ಕೋಟೆಯಲ್ಲಿ 100 ಟನ್ನಿಗೂ ಮೀರಿದ ಬಂಡೆಗಳಿವೆ.

ಮಾಚು ಪಿಚುವಿನಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಾಣದುದೇ ಹೆಚ್ಚು. ಅಲ್ಲಿ ವರ್ಷಕ್ಕೆ ಸುಮಾರು 2,000 ಮಿಲಿಮೀಟರು ಮಳೆಯಾಗುತ್ತದೆ. ಕಡಿದಾದ ಬೆಟ್ಟದ ಮೇಲಿನ ಊರು ಕುಸಿದು ಹೋಗಬೇಕಾಗಿತ್ತು. ಎಂಜಿನಿಯರ್ ಕೆನೆತ್ ರೈಟ್ ಮತ್ತು ಪೆರುವಿನ ಪುರಾತತ್ತ್ವಜ್ಞ ಆಲ್ಫ್ರೆಡೊ ವಾಲೆನ್ಸಿಯಾ 1990ರ ದಶಕದಲ್ಲಿ ನಡೆಸಿದ ಅಧ್ಯಯನದಿಂದ ಗುಟ್ಟು ಹೊರಬಂದಿತು. ಮೆಟ್ಟಿಲುಗದ್ದೆಗಳ ತಳದಲ್ಲಿ ದೊಡ್ಡ ಕಲ್ಲು, ಅದರ ಮೇಲೆ ಜಲ್ಲಿ, ಅದರ ಮೇಲೆ ಮರಳು ಬೆರೆತ ಮಣ್ಣು, ಕೊನೆಗೆ ಬೇಸಾಯದ ಮಣ್ಣು ಹೀಗೆ ಪದರಗಳಿದ್ದು, ಮಳೆಯ ನೀರು ನೆಲವನ್ನು ಕೊರೆಯದೆ ಕೆಳಕ್ಕೆ ಇಂಗುತ್ತದೆ. ಬೆಟ್ಟದ ಊಟೆಯ ನೀರನ್ನು ಸುಮಾರು 750 ಮೀಟರು ಉದ್ದದ ಕಾಲುವೆಯು ಸಣ್ಣ ಇಳಿಜಾರಿನಲ್ಲಿ ಊರೊಳಕ್ಕೆ ತಂದು 16 ಕಾರಂಜಿಗಳಿಗೆ ಹಂಚುತ್ತದೆ. ಅಲ್ಲಿ ನಿಂತಾಗ ಗೋಡೆಗಳ ಜೊತೆಗೆ ಕಾಲಡಿಯ ನೆಲವನ್ನೂ ಗಮನಿಸಬೇಕು. ಮಹತ್ತಾದ ಕೆಲಸ ಅದರೊಳಗೇ ಅಡಗಿದೆ.

ಸಂದರ್ಶಕನ ಹೊಣೆ

ಐನೂರು ವರ್ಷಗಳ ಮಳೆ ಮತ್ತು ಭೂಕಂಪಗಳನ್ನು ತಾಳಿದ ಕಲ್ಲು ಸಂದರ್ಶಕರ ಅಜಾಗರೂಕತೆಯನ್ನು ತಾಳಲಾರದು. 2000ದ ಸೆಪ್ಟೆಂಬರಿನಲ್ಲಿ ಜಾಹೀರಾತಿನ ಚಿತ್ರೀಕರಣಕ್ಕೆ ತಂದ ಯಂತ್ರದ ತೋಳು ಬಿದ್ದು, ಮಾಚು ಪಿಚುವಿನ ಇಂತಿವಾತಾನ ಎಂಬ ಪವಿತ್ರ ಶಿಲೆಯ ಮೂಲೆ ಒಡೆಯಿತು. 2025ರ ಫೆಬ್ರವರಿಯಲ್ಲಿ ಕುಸ್ಕೋದ ಹೆಸರಾಂತ ಹನ್ನೆರಡು ಮೂಲೆಗಳ ಕಲ್ಲಿಗೆ ಒಬ್ಬನು ಸುತ್ತಿಗೆಯಿಂದ ಹೊಡೆದನು. ಕಾಲ್ತುಳಿತದಿಂದ ಆಗುವ ಸವೆತ ಬೇರೆ. ಈ ಕಾರಣಗಳಿಂದ ಮಾಚು ಪಿಚುವಿಗೆ ದಿನವೊಂದಕ್ಕೆ ಇಷ್ಟೇ ಜನ, ಇಂಥ ಹೊತ್ತಿಗೆ, ಗೊತ್ತಾದ ದಾರಿಯಲ್ಲಿಯೇ ಎಂಬ ಕಟ್ಟುಪಾಡಿದೆ. 2024ರಲ್ಲಿ ದಿನದ ಮಿತಿಯನ್ನು 4,500ಕ್ಕೂ, ಕೆಲವು ವಿಶೇಷ ದಿನಗಳಲ್ಲಿ 5,600ಕ್ಕೂ ನಿಗದಿಪಡಿಸಿದರು. ಇಂಕಾ ಹಾದಿಗೆ ಹೊರೆಗಾರರೂ ಸೇರಿ ದಿನಕ್ಕೆ 500 ಜನರಿಗೆ ಮಾತ್ರ ಅನುಮತಿ. ತಿಂಗಳುಗಳ ಮುಂಚೆಯೇ ಚೀಟಿ ಪಡೆಯಬೇಕಾಗುವುದು ಇದರಿಂದಲೇ.

ಹೊರೆ ಹೊರುವವರು ಕೆಚುವಾ ಭಾಷೆಯನ್ನಾಡುವ ಹಳ್ಳಿಗರು. ಅವರ ಹೊರೆ 20 ಕಿಲೋಗ್ರಾಮನ್ನು ಮೀರಬಾರದೆಂದು ಪೆರುವಿನ ಕಾನೂನಿದೆ. ತನ್ನ ಗಂಟನ್ನು ಹಗುರಮಾಡಿಕೊಂಡು, ಈ ನಿಯಮವನ್ನು ಪಾಲಿಸುವ ಸಂಸ್ಥೆಯೊಡನೆ ಹೋಗುವುದು, ‘ಸುಲ್ಪಾಯ್ಕಿ’ ಎಂದು ಅವರ ಮಾತಿನಲ್ಲಿಯೇ ವಂದಿಸಲು ಕಲಿಯುವುದು ಅತಿಥಿಗೆ ಶೋಭಿಸುವ ನಡತೆ. ಆಯಾಸಕ್ಕೆಂದು ಅಲ್ಲಿನವರು ಅಗಿಯುವ ಕೋಕದ ಎಲೆಯು ಅಲ್ಲಿ ನಿತ್ಯದ ವಸ್ತು. ಆದರೆ ಭಾರತದ ಕಾನೂನಿನಲ್ಲಿ ಅದು ಮಾದಕ ದ್ರವ್ಯ. ಒಂದೇ ಒಂದು ಎಲೆಯನ್ನೂ ಜೊತೆಗೆ ತರಬಾರದು.

ಕೊನೆಯದಾಗಿ, ಕುಸ್ಕೋದಿಂದ ಸರೋವರದ ಕಡೆಗೆ ಹೋಗುವಾಗ ಎರಡು ಪಕ್ಕಗಳಲ್ಲಿ ಕಾಣುವ ಬಿಳಿಯ ಶಿಖರಗಳನ್ನು ನೋಡಬೇಕು. ಜಗತ್ತಿನ ಉಷ್ಣವಲಯದ ಹಿಮನದಿಗಳಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಪೆರುವಿನಲ್ಲಿದೆ. 1962ರಿಂದ ಈಚೆಗೆ ಅವುಗಳ ಹರಹಿನಲ್ಲಿ ಅರ್ಧಕ್ಕಿಂತ ಹೆಚ್ಚು ಕರಗಿಹೋಗಿದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಕಣಿವೆಯ ಹೊಲಗಳಿಗೆ ನೀರು ಕೊಡುವುದು ಈ ಹಿಮ. ಹವೆ ಬಿಸಿಯಾದಂತೆ ಆಲೂಗಡ್ಡೆಯ ರೈತರು ತಮ್ಮ ಹೊಲಗಳನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಒಯ್ಯುತ್ತಿದ್ದಾರೆ. ಆದರೆ ಬೆಟ್ಟಕ್ಕೆ ತುದಿಯೆಂಬುದೊಂದಿದೆ. ಅದರಾಚೆಗೆ ಒಯ್ಯಲು ನೆಲವಿಲ್ಲ. ಇಂಕಾ ಜನರು ಬಲ್ಲ ಎತ್ತರದ ಲೆಕ್ಕವನ್ನು ಅವರ ಮಕ್ಕಳು ಈಗ ಹೊಸದಾಗಿ ಹಾಕಬೇಕಾಗಿದೆ.